ಅಜ್ಜಾರ ಹಾವುಗೆ

ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಕುಷ್ಟಗಿ ಇನ್ನೂ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಬೇವಿನ ಮರಕ್ಕೆ ಧ್ವಜ ಕಟ್ಟಿದ ತಪ್ಪಿಗೆ ಪೊಲೀಸರು ನನ್ನ ತಮ್ಮನನ್ನು ಎಳೆದೊಯ್ದಿದ್ದರು. ಬದುಕಿದ್ದಾನೋ ಇಲ್ಲವೋ ಎಂದು ಹೇಳುವವರೂ ಇರಲಿಲ್ಲ.

ನಾನು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದೆ. ದಿಕ್ಕು ತೋಚದೆ, ಊರೆಲ್ಲ ಅಜ್ಜಾರು ಎನ್ನುತ್ತಿದ್ದ ಮಠದ ಸ್ವಾಮಿಗಳ ಪಾದ ಹಿಡಿದು, ಪುಸ್ತಕದ ಪಾಠವನ್ನೇ ಒಪ್ಪಿಸಿದೆ.

"ಯುರೋಪಿನ್ಯಾಗ ಪೋಪ್ ಅಂತ ಅವರ ಜಗದ್ಗುರು ಇರ್ತಾರ್ರಿ. ಅವರು ಸಿಟ್ಟಾದ್ರು ಅಂತ ದೊಡ್ಡ ರಾಜನೊಬ್ಬ ಹಿಮದಾಗ ಬರಿಗಾಲಲೆ ಅವರ ಬಾಗಲದಾಗ ನಿಂತಿದ್ನಂತ. ನೀವು ಒಂದ್ ಮಾತು ಹೇಳಿದ್ರ ತಹಶೀಲ್ದಾರ ಕೇಳಂಗಿಲ್ಲೇನ್ರಿ?"

ಅಜ್ಜಾರು ಎದ್ದು ನನ್ನೊಡನೆ ತಹಶೀಲ್ದಾರರ ಕಚೇರಿಗೆ ಹೊರಟರು.

ಅವರು ಎಲ್ಲಿಗೆ ಹೋದರೂ ತಮ್ಮ ಕಟ್ಟಿಗೆಯ ಹಾವುಗೆಯನ್ನು ಬಾಗಿಲಲ್ಲಿ ಬಿಡುವ ಪದ್ಧತಿಯಿರಲಿಲ್ಲ. ಮನೆಯವರೇ ಹೊರಗೆ ಬಂದು ಪಾದ ತೊಳೆಯಬೇಕು. ಕಚೇರಿಯ ಜವಾನ "ಕಾಲಾಗಿಂದು ಬಿಟ್ಟು ನಿಲ್ರಿ" ಎಂದ. ಅಜ್ಜಾರು ಬಿಟ್ಟರು. ಹಾವುಗೆಯನ್ನು ಎದೆಗವಚಿಕೊಂಡು ನಾನು ಹಿಂದೆ ನಿಂತೆ. ಕಾದ ಹಾಸುಗಲ್ಲಿನ ಮೇಲೆ ಅವರು ಒಮ್ಮೆ ಆ ಕಾಲು, ಒಮ್ಮೆ ಈ ಕಾಲು ಎತ್ತುತ್ತಿದ್ದರು. ಎಂಥ ಮೂರ್ಖ ನಾನು! ಪುಸ್ತಕ ನಂಬಿ ಮುದಿಜೀವವನ್ನು ಕೆಂಡದ ಮೇಲೆ ನಿಲ್ಲಿಸಿದ್ದೆ. ಹೊತ್ತು ಮುಳುಗಿದರೂ ಸಾಹೇಬ ಹೊರಗೆ ಬರಲಿಲ್ಲ.

ಮರಳುವ ದಾರಿಯಲ್ಲಿ ಅಜ್ಜಾರು ಕೇಳಿದರು: "ಆ ರಾಜಗ ಕಡೀಕ ಬಾಗಲಾ ತಗದ್ರೇನು?"

"ಮೂರು ದಿನ ನಿಂತ ಮ್ಯಾಲೆ ತಗದ್ರು, ಅಜ್ಜಾರ."

"ಹಂಗಾರ ನಾಳೆನೂ ಬರೂಣು, ನಾಡದನೂ ಬರೂಣು. ಹಾವಗಿ ಮಠದಾಗ ಬಿಟ್ಟು ಬರೂಣು."