ಫಕೀರಪ್ಪನ ದೊಡ್ಡ ಗಾಲಿಯ ಸೈಕಲ್ಲು

ಫಕೀರಪ್ಪನ ಬಾಯಿಂದ ಒಳ್ಳೆಯ ಮಾತು ಬೀಳುತ್ತಿದ್ದುದು ವರ್ಷಕ್ಕೊಂದೇ ದಿನ. ದಸರೆಯ ಸಂಜೆ ಬನ್ನಿ ಎಲೆ ಹಿಡಿದು ನನ್ನ ಹೋಟೆಲಿನ ಗಲ್ಲಾದ ಮುಂದೆ ಬಂದು, ಕಷಾಯ ಕುಡಿದವನ ಮುಖ ಮಾಡಿಕೊಂಡು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಶೆಟ್ರ" ಅನ್ನುತ್ತಿದ್ದ. ನಾನು ಎಲೆ ತೆಗೆದುಕೊಳ್ಳುತ್ತಿದ್ದೆ. "ನಾಳಿಂದ ಮತ್ತ ಐತಿ ನಿಮಗ" ಎಂದು ಹೊರಟುಬಿಡುತ್ತಿದ್ದ. ಉಳಿದ ದಿನಗಳೆಲ್ಲ ಜಗಳ.

ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಹೋಟೆಲು. ಗೋಡೆಗೆ ಗೋಡೆ ಹತ್ತಿಕೊಂಡು ಅವನ ವೆಲ್ಡಿಂಗ್ ಅಂಗಡಿ. ಗದಗಿನ ಕಡೆಯವನು. ಕಿಟಕಿಗಳಿಗೆ ಗ್ರಿಲ್ ಮಾಡುವುದು ಕಸುಬು. ಉಡುಪಿ ಕಡೆಯವನಾದ ನನ್ನ ಇಡ್ಲಿಯ ಮೇಲೆ ಅವನು ಕಬ್ಬಿಣ ಉಜ್ಜಿದ ಧೂಳು ಬಂದು ಕೂತರೆ ನಾನು ಸುಮ್ಮನಿರಬೇಕೆ? ಹೋಗಿ ಕೂಗುತ್ತಿದ್ದೆ. ಅವನು ಕಪ್ಪು ಕನ್ನಡಕ ಹಣೆಗೇರಿಸಿ, "ನಿಮ್ಮ ಸಾಂಬಾರಕ್ಕ ರುಚಿನ ಇಲ್ಲ, ನಮ್ಮ ಧೂಳರ ಬೀಳ್ಲಿ ಬಿಡ್ರಿ" ಎನ್ನುತ್ತಿದ್ದ. ಬೈಯುವಾಗಲೂ 'ರೀ' ಬಿಟ್ಟವನಲ್ಲ. ಅದೇ ನನ್ನ ಮೈ ಉರಿಸುತ್ತಿತ್ತು.

ಅಂಥವನು ಒಂದು ಮಳೆಗಾಲ, ಕೆಲಸ ಕಡಿಮೆಯಿದ್ದಾಗ, ಸೈಕಲ್ಲು ಕಟ್ಟಲು ಶುರುಮಾಡಿದ. ಕಬ್ಬಿಣದ ಪೈಪು ಬಗ್ಗಿಸಿ ಮಾಡಿದ ಗಾಲಿಗಳು ನನ್ನ ಎದೆಯ ಎತ್ತರ ಬಂದವು. ಅಷ್ಟು ದೊಡ್ಡ ಟೈರು ಎಲ್ಲಿ ಸಿಗಬೇಕು? ದಪ್ಪ ರಬ್ಬರ್ ಪೈಪು ಸೀಳಿ ಸುತ್ತಿದ. ಆ ಭೂತ ಅವನ ಅಂಗಡಿಯ ಬಾಗಿಲಲ್ಲಿ ತೂರುತ್ತಿರಲಿಲ್ಲ. ಹಾಗಾಗಿ ನನ್ನ ಮೆಟ್ಟಿಲಿಗೆ ಒರಗಿ ನಿಂತಿತು. ಗಿರಾಕಿಗಳು ಸಂದಿಯಲ್ಲಿ ನುಸುಳಿ ಒಳಗೆ ಬರಬೇಕು.

"ಎಂತದಕ್ಕೆ ಮಾರಾಯ ಇದು? ಸರ್ಕಸ್ಸಿಗೆ ಸೇರ್ತೀಯಾ?" ಎಂದು ಕೇಳಿದೆ.

"ಖುಷಿಗೆ ರೀ."

"ನಿನ್ನ ಖುಷಿಗೆ ನನ್ನ ಬಾಗಿಲೇ ಬೇಕಾ?"

"ದಿನಾ ಮಂದಿ ಕಿಡಕಿಗೆ ಜೇಲ್ ಕಟ್ಟತೀನ್ರಿ. ಒಂದರ ಓಡೂ ಸಾಮಾನ ಕಟ್ಟಬಾರದೇನು? ನೀವು ಹುಟ್ಟಿದಾಗಿಂದ ಖುಷಿಗಂತ ಏನರ ಮಾಡೀರೇನ್ರಿ? ಇಡ್ಲಿನೂ ಸಿಟ್ಟಿನಾಗ ಬೇಯಸ್ತೀರಿ."

ಆ ಮಾತು ನಾಟಿತು. ಹಾಗಂತ ಸುಮ್ಮನಾಗುವವನೇ ನಾನು? "ಇದನ್ನು ಇಲ್ಲಿಂದ ಎತ್ತಿಸದಿದ್ದರೆ ನಾನು ಶೆಟ್ಟಿಯೇ ಅಲ್ಲ" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದೆ. ಕೂಗಿದ್ದಷ್ಟೇ. ಎದುರೆದುರು ನಿಂತು ಕಿತ್ತಾಡುವ ಮನುಷ್ಯ ನಾನು. ಹಿಂದಿನಿಂದ ದೂರು ಕೊಡುವ ಪೈಕಿಯಲ್ಲ.

ಆಯುಧಪೂಜೆ ಬಂತು. ಅವನು ಹತಾರಗಳನ್ನೆಲ್ಲ ತೊಳೆದು, ಹಲಗೆಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ ಚೆಂಡು ಹೂವು ಏರಿಸಿದ. ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಮುಟ್ಟುವಂತಿಲ್ಲ. ನನ್ನಲ್ಲೂ ಅಷ್ಟೇ, ರುಬ್ಬುವ ಯಂತ್ರ, ಸಟ್ಟುಗ, ನಟ್ಟು ಬಿಗಿಯುವ ಪಾನಾ, ಎಲ್ಲಕ್ಕೂ ಪೂಜೆಯಾಗಿ ಒಲೆ ಆರಿತ್ತು. ಸೈಕಲ್ಲಿಗೂ ಹಾರ ಬಿದ್ದಿತ್ತು. ಆದರೆ ಅದರ ಮುಂದಿನ ಗಾಲಿಯ ನಟ್ಟನ್ನು ಪುಣ್ಯಾತ್ಮ ಪೂಜೆಯ ಗಡಿಬಿಡಿಯಲ್ಲಿ ಬರಿಗೈಯಲ್ಲಿ ತಿರುಗಿಸಿ, ಬಿಗಿ ಮಾಡದೆ ಬಿಟ್ಟಿದ್ದ.

ಮಧ್ಯಾಹ್ನ, ರಸ್ತೆಗೆ ಅಡ್ಡವಿಟ್ಟ ಸಾಮಾನು ಎತ್ತುವ ಮುನ್ಸಿಪಾಲಿಟಿ ಲಾರಿ ಬಂದೇಬಿಟ್ಟಿತು. ಇಳಿದವನೊಬ್ಬ ಸೈಕಲ್ಲನ್ನು ಮೇಲೆ ಕೆಳಗೆ ನೋಡಿ, ಇದು ಗಾಡಿಯಾದರೆ ಓಡಿಸಿ ತೋರಿಸು, ಇಲ್ಲವಾದರೆ ಲಾರಿಗೆ ಹಾಕುತ್ತೇವೆ ಎಂದು ಮರಾಠಿಯಲ್ಲಿ ಗದರಿದ. ಫಕೀರಪ್ಪ ತನ್ನ ಹಲಗೆಯತ್ತ ನೋಡಿದ. ಪಾನಾ ಹೂವಿನಡಿಯಲ್ಲಿತ್ತು. ಅವನ ಕೈ ಮುಂದೆ ಹೋಗಲಿಲ್ಲ.

ನನಗೇನಾಯಿತೋ! ಒಳಗೆ ಓಡಿ, ದೇವರ ಮುಂದಿದ್ದ ನನ್ನ ಪಾನಾವನ್ನು ಕುಂಕುಮದ ಸಮೇತ ತಂದು ಚಾಚಿದೆ. "ತಕೋ, ಬೇಗ ಬಿಗಿ ಮಾಡು. ದೇವರ ಹತ್ರ ನಾನು ಮಾತಾಡ್ತೇನೆ."

ಅವನ ಕಣ್ಣು ಕೆಂಪಾಯಿತು. "ಲಾರಿ ಕರಸಿದಾಂವನೂ ನೀನ, ಪಾನಾ ಕೊಡಾಂವನೂ ನೀನ? ಪೂಜಿ ಸಾಮಾನಕ್ಕೂ ಹೇಸಿ ಕೈ ಹಚ್ಚಿದೇನು?"

'ರೀ' ಹೋಗಿತ್ತು.

"ನಾನು ಕರೆಸ್ಲಿಲ್ಲ ಮಾರಾಯ, ದೇವರಾಣೆಗೂ ಇಲ್ಲ!" ಎಂದೆ.

ಕೇಳುವವರು ಯಾರು? ಹೆಗಲ ಟವೆಲ್ಲಿನಿಂದ ನಟ್ಟನ್ನು ಹಿಡಿದು, ಹಲ್ಲು ಕಚ್ಚಿ ತಿರುಗಿಸಿದ. ನನ್ನದೇ ಮೆಟ್ಟಿಲು ಹತ್ತಿ ಸೀಟಿಗೇರಿದ. ಮುಂದಿನ ಗಾಲಿ ವಾಲಾಡುತ್ತಿತ್ತು. ಬಿದ್ದರೆ ಸತ್ತ ಎಂದುಕೊಂಡೆ. ಬೀಳಲಿಲ್ಲ. ಜನರ ತಲೆಗಳಿಗಿಂತ ಮೇಲೆ ಕೂತು ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ಬಂದ. ಲಾರಿಯವರೇ ಚಪ್ಪಾಳೆ ತಟ್ಟಿದರು. ಅವನು ನಗುತ್ತಿದ್ದ. ಅಷ್ಟು ವರ್ಷಗಳಲ್ಲಿ ನಾನು ಅವನ ಹಲ್ಲು ಕಂಡದ್ದು ಅವತ್ತೇ. ನನ್ನ ಮುಖ ಕಣ್ಣಿಗೆ ಬಿದ್ದದ್ದೇ ಬಾಯಿ ಮುಚ್ಚಿಕೊಂಡ.

ಮರುದಿನ ಸಂಜೆ ಅವನ ದಾರಿ ಕಾಯುತ್ತ ನಾನು ಗಲ್ಲಾ ಬಿಟ್ಟು ಏಳಲಿಲ್ಲ. ಎಷ್ಟೇ ಜಗಳವಿರಲಿ, ಬನ್ನಿ ತಪ್ಪಿಸುವವನಲ್ಲ ಅವನು. ಸೈಕಲ್ಲಿನ ಮೇಲೆಯೇ ಬಂದ. ಮಸಾಲೆ ಅಂಗಡಿಯವನಿಗೆ, ಲಾಂಡ್ರಿಯವನಿಗೆ ಮೇಲಿನಿಂದಲೇ ಬಾಗಿ ಎಲೆ ಕೊಟ್ಟ. ನಾನು ಎದ್ದು ಮೆಟ್ಟಿಲಿಗೆ ಬಂದು ಕೈ ಚಾಚಿದೆ. ಗಾಲಿ ನಿಲ್ಲಲಿಲ್ಲ. ನನ್ನನ್ನು ದಾಟಿ ಪಕ್ಕದ ಗೂಡಂಗಡಿಯವನಿಗೆ ಬನ್ನಿ ಕೊಟ್ಟ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ.

ಆಮೇಲೆ ಅವನು ನನ್ನ ಮೆಟ್ಟಿಲಿಗೆ ಸೈಕಲ್ಲು ಒರಗಿಸಲಿಲ್ಲ. ಬೈಯಲೂ ಇಲ್ಲ. ಹೋಳಿಯ ಹೊತ್ತಿಗೆ ಅಂಗಡಿ ಖಾಲಿ ಮಾಡಿ ಹೋದ. ಮುಲುಂಡ್ ಕಡೆ ಎಂದು ಕೆಲವರು, ಅಲ್ಲವೆಂದು ಕೆಲವರು. ಈಗಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಧೂಳಿಲ್ಲ. ಇಡ್ಲಿ ಬೆಳ್ಳಗಿರುತ್ತದೆ.

ನಮ್ಮ ಕಡೆ ಬನ್ನಿ ಹಂಚುವ ಪದ್ಧತಿಯಿಲ್ಲ. ಆದರೂ ಪ್ರತಿ ದಸರೆಗೆ ಮಾರ್ಕೆಟ್ಟಿನಿಂದ ಒಂದು ಕಟ್ಟು ತಂದು ಗಲ್ಲಾದ ಮೇಲಿಡುತ್ತೇನೆ. ಆ ದುಷ್ಟ ಸಿಕ್ಕರೆ, "ನಾನು ಲಾರಿ ಕರೆಸಲಿಲ್ಲ ಕತ್ತೆ" ಎಂದು ಮೊದಲು ಬಾಯಿತುಂಬ ಬೈಯಬೇಕು. ಆಮೇಲೆ ಎಲೆ ಕೊಡಬೇಕು.