ಅರಿಷಿಣದ ಗಡ್ಡಿಯೊಳಗಿನ ಜೀವ

ನಮ್ಮ ಬಸದಿಯ ಪದ್ಮಾವತಮ್ಮನ ಆಣಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ಜೀನೋಮು, ಜೀವವಿಕಾಸ ಕಲಿಸೂದರಾಗ ನನ್ನ ಸರಿಸಮ ಯಾರೂ ಇರಲಿಲ್ಲ. ಬೇಕಾದರ ನನ್ನನ್ನ ಕೇಳ್ರಿ. ಸಾಂಗ್ಲಿಯಾಗ ಹಳೇ ಗೋದಾಮು ಕೆಡವಿ ಎದ್ದ ಹೊಸ ವಿದ್ಯಾಪೀಠದಾಗ ಪ್ರಾಧ್ಯಾಪಕರ ಜಾಗಾ ಖಾಲಿ ಐತಿ ಅಂದಕೂಡಲೆ ಪುಣೆಯಿಂದ ಓಡಿ ಬಂದೆ. ಅದು ಸಿಕ್ಕರ ಮಿರಜಿನ ನಮ್ಮ ಓಣಿಗೆ ವಾಪಸು, ದಿನಾ ಕನ್ನಡ ಆಡೋ ಮಂದಿ ನಡುವ.

ಸಂದರ್ಶನದಾಗ ಅಧ್ಯಕ್ಷರು, ಅರಿಷಿಣದ ಹಿರೇ ವ್ಯಾಪಾರಿ, ಮರಾಠಿ ಬಿಟ್ಟು ಕನ್ನಡಕ್ಕ ಬಂದರು. "ಅರಿಷಿಣದ ಮ್ಯಾಲೆ ಏನ ಶೋಧ ಮಾಡೀರಿ?"

"ಕಾಕಾ, ಅದು ಬೀಜದಿಂದ ಹುಟ್ಟೂದಿಲ್ರಿ, ಗಡ್ಡಿಯಿಂದ ಗಡ್ಡಿ. ಜೀನೋಮು ನೋಡಿದರ ಎಲ್ಲಾ ಒಂದರ ನಕಲು, ನಿಮ್ಮ ಪ್ಯಾಟಿ ತುಂಬಾ ಇರೂದು ಒಂದ ಜೀವ!"

"ಗಡ್ಡ್ಯಾಗ ಅನಂತ ಜೀವ ಇರತಾವಂತ ಹಸಿ ಗಡ್ಡಿ ಮುಟ್ಟದ ಬೆಳದೇವಿ. ನೀನೂ ನಮ್ಮ ಜೈನರ ಹುಡುಗ. ಉಳದ ಜೀವ ಎಲ್ಲಿ ಕಳದಿ, ತಮ್ಮಾ?"

ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಪುಣೆಯಾಗ ನನ್ನನ್ನ ಯಾರೂ 'ತಮ್ಮಾ' ಅನ್ನೂದಿಲ್ಲ.

ಜಾಗಾ ಬ್ಯಾರೆಯವರಿಗೆ ಹೋತು. ನಮ್ಮಂಥ ಪಂಡಿತರಿಗೆ ಇಂಥಾವು ಲೆಕ್ಕಕ್ಕಿಲ್ಲ. ಸೀಟಿ ಹೊಡಕೋತ ಪುಣೆ ಬಸ್ ಹತ್ತಿದೆ.

ಸೀಟಿ ಮಾತ್ರ ಕಟ್ಟಿ ಹೇಳೇನಿ. ಸೀಟಿ ಹೊಡ್ಯಾಕ ತುಟಿ ನಡಗದ ನಿಂದ್ರಬೇಕಲ್ರಿ.