ವಾಡಿಯ ಕ್ವಾರ್ಟರ್ಸಿನಲ್ಲಿ ಓದಿದ ಕಾದಂಬರಿ

ಏಕೀಕರಣವಾದ ಹೊಸತರಲ್ಲಿ ನಾನು ಸೇಡಂನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಯಜಮಾನರಿಗೆ ವಾಡಿ ಸ್ಟೇಷನ್ನಿನಲ್ಲಿ ಟಿಕೆಟು ಕೊಡುವ ಕೆಲಸ. ಮದುವೆಯಾಗಿಯೂ ನಮ್ಮದು ಎರಡು ಮನೆ, ಎರಡು ಒಲೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಆ ವಾರ ಬರೆದ ಹಾಳೆಗಳನ್ನು ಎತ್ತಿಕೊಂಡು ಪ್ಯಾಸೆಂಜರ್ ಹತ್ತುತ್ತಿದ್ದೆ. ಚಿತ್ತಾಪುರ ದಾಟಿತೆಂದರೆ ಎದೆ ಹಗುರಾಗುತ್ತಿತ್ತು.

ಆಗ ನಾನು ಬರೆಯುತ್ತಿದ್ದುದು ಮಳಖೇಡದ ಅರಸರ ಕಾಲದ ಕಾದಂಬರಿ. ದಂಡಿನ ಜೊತೆ ಹೋದ ಗಂಡನಿಗಾಗಿ ಕಾಯುವ ರಾಣಿಯ ಕಥೆ. ಯಜಮಾನರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವರಿಗೆ ಬೇಸರ ಬರುತ್ತಿತ್ತು. ಹಾಗಾಗಿ ವಾಡಿಯ ಅವರ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೂತು ನಾನು ಓದುತ್ತಿದ್ದೆ, ಅವರು ಅಂಗಿಗೆ ಗುಂಡಿ ಹಚ್ಚುತ್ತ ಕೇಳುತ್ತಿದ್ದರು.

ಒಂದು ರವಿವಾರ ಓದಿನ ನಡುವೆಯೇ ಸೂಜಿ ಕೆಳಗಿಟ್ಟರು.

“ನಿನ್ನ ರಾಣಿ ಭಾಳ ಅಳ್ತಾಳ. ನೀ ಒಮ್ಮೀನೂ ಅಳೂದಿಲ್ಲಲ್ಲ?”

“ನಿಮ್ಮ ಮುಂದ ಅಳೂದಿಲ್ರೀ.”

“ಮತ್ತ ಯಾವಾಗ?”

“ಸಾಲಿ ಬಿಟ್ಟು ಮನಿಗಿ ಹೋಗಿ, ಒಬ್ಬಾಕಿಗೇ ರೊಟ್ಟಿ ಬಡೀವಾಗ.”

ಅವರು ಮತ್ತೆ ಸೂಜಿ ಎತ್ತಿಕೊಂಡರು. ಆ ವಾರವೇ ಸೇಡಂಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ನನಗೆ ಹೇಳಿದ್ದು ಮಂಜೂರಾದ ಮೇಲೆ. ನಾನೂ ರಾಣಿಯ ಕಣ್ಣೀರನ್ನೆಲ್ಲ ಹೊಡೆದುಹಾಕಿದೆ. ತಿದ್ದಿದ ಕಥೆಯಲ್ಲಿ ಅವಳು ದಿನವಿಡೀ ಎಲ್ಲರೊಡನೆ ನಗುತ್ತಾಳೆ, ಸಂಜೆ ಒಡವೆ ಕಳಚುವಾಗ ಮಾತ್ರ ಅವಳ ಕೈ ನಿಲ್ಲುತ್ತದೆ. ಪುಸ್ತಕ ಬಂದಾಗ ಓದುಗರು ಮೆಚ್ಚಿದ್ದು ಆ ಭಾಗವನ್ನೇ.

ಸೇಡಂನಲ್ಲಿ ಒಂದೇ ಒಲೆಯಾಯಿತು. ಕವಿತೆಗಳೂ ಹುಟ್ಟಿದವು, ಎರಡನೆಯ ಕಾದಂಬರಿಯೂ ಶುರುವಾಯಿತು. “ಏನ್ ಬರದಿ? ಓದು,” ಎಂದು ಸಂಜೆಗೊಮ್ಮೆ ಕೇಳದೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ನೌಕರಿಯಲ್ಲಿರುವಾಗಲೇ ಕಾಯಿಲೆ ಬಿದ್ದು ಅವರು ಹೋಗಿಬಿಟ್ಟರು.

ಆಮೇಲೆ ನಾನು ಶಹಾಬಾದಿಗೆ ಬಂದೆ. ರವಿವಾರಗಳಲ್ಲಿ ಬರೆಯುವ ಆಸೆಯಿದ್ದವರಿಗೆ ಪಾಠ ಹೇಳುತ್ತಿದ್ದೆ. “ಬರೆದದ್ದನ್ನ ಮನ್ಯಾಗ ಒಬ್ಬರಿಗೆ ಓದಿ ತೋರಸ್ರಿ,” ಎಂದು ಎಲ್ಲರಿಗೂ ಹೇಳುವುದು ರೂಢಿ.

ಒಮ್ಮೆ ಚಿಂಚೋಳಿ ಕಡೆಯ ನರ್ಸೊಬ್ಬಳು ಕೇಳಿದಳು: “ಮನ್ಯಾಗ ಯಾರೂ ಇಲ್ದವರು ಏನ್ ಮಾಡ್ಬೇಕ್ರಿ, ಟೀಚರ್?”

ಪಾಠ ಮುಗಿದ ಮೇಲೆ ಅವಳನ್ನು ಉಳಿಸಿಕೊಂಡೆ. “ಕುಂದ್ರಿ. ನನಗ ಓದ್ರಿ,” ಎಂದೆ. ಅವಳು ತನ್ನ ಕಥೆ ಓದಿದಳು. ಮುಗಿಸಿ, ಸಂಕೋಚದಿಂದ, “ಈಗ ನೀವು ಓದ್ರಿ,” ಎಂದಳು.

ಎರಡನೆಯ ಕಾದಂಬರಿಯ ಹಾಳೆಗಳು ಮೇಜಿನ ಖಾನೆಯಲ್ಲಿದ್ದವು. ಅವರು ಹೋದಂದಿನಿಂದ ಗಟ್ಟಿಯಾಗಿ ಓದಿಯೇ ಇರಲಿಲ್ಲ. ತೆಗೆದೆ. ಒಂದು ಪುಟ ದಾಟುವಷ್ಟರಲ್ಲಿ ದನಿ ಒಡೆಯಿತು. ಅವಳು ಎದ್ದುಹೋಗಲಿಲ್ಲ. ನೀರು ತಂದಿಟ್ಟು, ಮತ್ತೆ ಕೇಳುವವಳ ಹಾಗೆ ಕುಳಿತಳು.